ಕುಂಡದೊಳಗಿನ ಮರ: ಜುನಿಪರ್ ಬೋನ್ಸಾಯಿ ಆರೈಕೆಯ ಮೊದಲ ಪಾಠಗಳು

ಗೃಹಪ್ರವೇಶಕ್ಕೋ, ನಿವೃತ್ತರಾದ ಹಿರಿಯರನ್ನು ಗೌರವಿಸುವ ಸಂದರ್ಭಕ್ಕೋ ಹಾರ ತುರಾಯಿಗಳ ಬದಲು ಗಿಡವೊಂದನ್ನು ನೀಡುವ ಒಳ್ಳೆಯ ರೂಢಿ ಈಚೆಗೆ ನಮ್ಮಲ್ಲಿ ಬೆಳೆದುಬಂದಿದೆ. ಹೀಗೆ ಮನೆಗೆ ಬರುವ ಗಿಡಗಳಲ್ಲಿ ಬೋನ್ಸಾಯಿಯೂ ಒಂದು. ಅಂಗೈಯಗಲದ ಕುಂಡ, ಬಾಗಿದ ಪುಟ್ಟ ಕಾಂಡ, ದಟ್ಟ ಹಸುರಿನ ಎಲೆಗಳು. ನೋಡಿದೊಡನೆ ಮನಸ್ಸು ತಣಿಯುತ್ತದೆ. ಅದನ್ನು ನಾವು ಹಜಾರದ ಮೇಜಿನ ಮೇಲಿಟ್ಟು, ದಿನಕ್ಕೊಂದು ಲೋಟ ನೀರೆರೆದು, ಬಂದವರಿಗೆಲ್ಲ ತೋರಿಸುತ್ತೇವೆ. ತಿಂಗಳೆರಡು ತಿಂಗಳು ಹಸುರಾಗಿಯೇ ಇದ್ದ ಗಿಡ ಒಂದು ದಿನ ಮಂಕಾಗುತ್ತದೆ. ಮತ್ತೆ ಕೆಲವು ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವ ಸ್ಥಿತಿಗೆ ಬರುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿಯೇ ಇತ್ತಲ್ಲ’ ಎಂದು ಮನೆಯವರೆಲ್ಲ ಅಚ್ಚರಿಪಡುತ್ತಾರೆ.

ನಿಜಸ್ಥಿತಿ ಬೇರೆ. ಆ ಗಿಡ ನಿನ್ನೆ ಚೆನ್ನಾಗಿರಲಿಲ್ಲ. ಅದರ ಬೇರುಗಳು ವಾರಗಳ ಹಿಂದೆಯೇ ಸತ್ತಿದ್ದವು. ಎಲೆ ಮಾತ್ರ ಆ ಸುದ್ದಿಯನ್ನು ತಡವಾಗಿ ತಿಳಿಸಿತು. ಜುನಿಪರ್ ಜಾತಿಯ ಬೋನ್ಸಾಯಿಯನ್ನು ಸಾಕಬಯಸುವವರು ಮೊಟ್ಟಮೊದಲು ಅರಿಯಬೇಕಾದ ಸಂಗತಿ ಇದೇ. ಈ ಮರದ ಆರೋಗ್ಯವನ್ನು ಅದರ ಹಸುರು ಬಣ್ಣದಿಂದ ಅಳೆಯಲಾಗದು.

ಹಸುರು ಮರೆಮಾಚುವ ಕಾಯಿಲೆ

ತುಳಸಿಗೆ ಒಂದು ಹೊತ್ತು ನೀರು ತಪ್ಪಿದರೆ ಸಂಜೆಯ ವೇಳೆಗೆ ಎಲೆ ಜೋತುಬೀಳುತ್ತದೆ. ನಾವು ನೀರೆರೆಯುತ್ತೇವೆ, ಅದು ಚೇತರಿಸಿಕೊಳ್ಳುತ್ತದೆ. ಜುನಿಪರ್ ಹಾಗಲ್ಲ. ಅದರ ಎಲೆಗಳು ಸೂಜಿಯಂತೆಯೋ ಮೀನಿನ ಹುರುಪೆಯಂತೆಯೋ ಇರುತ್ತವೆ. ಮೇಲೆ ಮೇಣದಂಥ ದಪ್ಪ ಹೊದಿಕೆಯಿರುತ್ತದೆ. ಗಾಳಿ ಬೀಸುವ ಬೆಟ್ಟದ ಬಂಡೆಗಳಲ್ಲಿ, ಉಪ್ಪುಗಾಳಿಯ ಕಡಲತೀರಗಳಲ್ಲಿ ಬದುಕಬೇಕಾದ ಮರಕ್ಕೆ ನೀರನ್ನು ಬಿಗಿಹಿಡಿದಿಟ್ಟುಕೊಳ್ಳುವ ಈ ಏರ್ಪಾಡು ಅಗತ್ಯವಾಗಿತ್ತು. ಆದ್ದರಿಂದಲೇ ಮರದಿಂದ ಕಡಿದ ಜುನಿಪರ್ ಕೊಂಬೆಯೂ ಎಷ್ಟೋ ದಿನ ಹಸುರಾಗಿರುತ್ತದೆ. ಬೇರು ಒಣಗಿ ಸತ್ತರೂ, ಕೊಳೆತು ಸತ್ತರೂ ಮೇಲಿನ ಹಸುರು ಹಲವು ವಾರ ಹಾಗೆಯೇ ಉಳಿಯಬಲ್ಲದು.

ವೈದ್ಯರು ರಕ್ತದೊತ್ತಡದ ಬಗ್ಗೆ, ಸಿಹಿಮೂತ್ರ ರೋಗದ ಬಗ್ಗೆ ಹೇಳುವ ಮಾತನ್ನು ನಮ್ಮ ಓದುಗರು ಈ ಪುಟಗಳಲ್ಲಿ ಹಲವು ಸಲ ಓದಿರಬಹುದು. ನೋವಿಲ್ಲ, ಜ್ವರವಿಲ್ಲ ಎಂಬುದು ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಒಳಗೆ ಬಹಳ ಕೆಡುಕು ನಡೆದುಹೋಗಿರುತ್ತದೆ. ಜುನಿಪರ್‌ಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಚಿಕಿತ್ಸೆಗೆ ಅವಕಾಶ ಕಡಿಮೆ, ದಿನನಿತ್ಯದ ಪಾಲನೆಗೆ ಅವಕಾಶ ಹೆಚ್ಚು.

ಮರದ ತವರು

‘ಬೋನ್’ ಎಂದರೆ ಹರಿವಾಣದಂಥ ಆಳವಿಲ್ಲದ ಕುಂಡ, ‘ಸಾಯ್’ ಎಂದರೆ ನೆಡುವಿಕೆ. ಚೀನಾದಲ್ಲಿ ಹುಟ್ಟಿದ ಈ ಕಲೆ ಜಪಾನಿಗೆ ಹೋಗಿ ಅಲ್ಲಿ ತನ್ನದೇ ರೂಪ ಪಡೆಯಿತು. 1923ರ ಮಹಾ ಭೂಕಂಪದಿಂದ ಟೋಕಿಯೋ ನಗರ ನಾಶವಾದಾಗ ಅಲ್ಲಿನ ಬೋನ್ಸಾಯಿ ಕಸುಬಿನವರು ಒಳ್ಳೆಯ ನೀರು, ಗಾಳಿ, ವಿಸ್ತಾರವಾದ ನೆಲವನ್ನು ಅರಸಿಕೊಂಡು ಉತ್ತರಕ್ಕೆ ಹೋಗಿ, 1925ರಲ್ಲಿ ಸೈತಾಮಾ ಪ್ರಾಂತದ ಓಮಿಯಾದಲ್ಲಿ ಬೋನ್ಸಾಯಿ ಗ್ರಾಮವನ್ನೇ ಕಟ್ಟಿಕೊಂಡರು. ಅದು ಇಂದಿಗೂ ಇದೆ. 2010ರಲ್ಲಿ ಅಲ್ಲಿ ಬೋನ್ಸಾಯಿಗಾಗಿಯೇ ಒಂದು ಕಲಾ ಸಂಗ್ರಹಾಲಯ ತೆರೆಯಿತು.

ಹೊಸಬರ ಕೈಗೆ ಸಾಮಾನ್ಯವಾಗಿ ಸಿಗುವುದು ನೆಲದ ಮೇಲೆ ಹಬ್ಬುವ ಜುನಿಪರ್. ಇದರ ತವರು ದಕ್ಷಿಣ ಜಪಾನಿನ ಕಡಲತೀರ. ನುರಿತವರು ಬಹಳವಾಗಿ ಮೆಚ್ಚುವುದು ‘ಶಿಂಪಾಕು’ ಎಂಬ, ಬೆಟ್ಟದ ಬಂಡೆಗಳಲ್ಲಿ ಬೆಳೆಯುವ ಬಗೆ. ನಮ್ಮ ದೇಶಕ್ಕೂ ಜುನಿಪರ್ ಹೊಸತಲ್ಲ. ಹಿಮಾಲಯದಲ್ಲಿ ಅದರ ಹಲವು ಜಾತಿಗಳಿವೆ. ಲಡಾಖಿನವರು ಅದನ್ನು ‘ಶುಕ್ಪಾ’ ಎಂದು ಕರೆದು, ಪವಿತ್ರವೆಂದು ಬಗೆದು, ಅದರ ಎಲೆಗಳ ಧೂಪ ಹಾಕುತ್ತಾರೆ. ಕಡಲತೀರವಿರಲಿ, ಬಂಡೆಯಿರಲಿ, ಹಿಮಾಲಯವಿರಲಿ, ಇವೆಲ್ಲವೂ ಬಿಸಿಲು, ಗಾಳಿ ತುಂಬಿದ, ನೀರು ನಿಲ್ಲದ, ಋತುಗಳಿಗೆ ತೆರೆದುಕೊಂಡ ಜಾಗಗಳು. ಜುನಿಪರ್ ಆರೈಕೆಯ ನಿಯಮಗಳೆಲ್ಲ ಇದರಿಂದಲೇ ಹುಟ್ಟಿವೆ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ನಿವಾರಿಸಿಕೊಳ್ಳೋಣ. ಬೋನ್ಸಾಯಿ ಎಂದರೆ ಹುಟ್ಟುಕುಳ್ಳ ಜಾತಿಯೂ ಅಲ್ಲ, ಉಪವಾಸ ಕೆಡವಿ ಕುಗ್ಗಿಸಿದ ಮರವೂ ಅಲ್ಲ. ಬೇರನ್ನೂ ಕೊಂಬೆಯನ್ನೂ ಕಾಲಕಾಲಕ್ಕೆ ಸವರಿ, ಸಣ್ಣ ಕುಂಡದಲ್ಲಿ ಬೆಳೆಸಿದ ಮರ ಅದು. ಅದಕ್ಕೆ ನೀರು, ಬೆಳಕು, ಗೊಬ್ಬರ ಎಲ್ಲವೂ ಬೇಕು. ನೆಲದಲ್ಲಿರುವ ಮರ ಬರಗಾಲದಲ್ಲಿ ಬೇರನ್ನು ಆಳಕ್ಕೆ ಚಾಚಿ ನೀರು ಹುಡುಕಿಕೊಳ್ಳುತ್ತದೆ. ಕುಂಡದ ಮರಕ್ಕೆ ಆ ದಾರಿ ಮುಚ್ಚಿದೆ. ಅದನ್ನು ಕುಂಡದಲ್ಲಿಟ್ಟವರೇ ಅದಕ್ಕೆ ಹೊಣೆ.

ಇಡುವ ಜಾಗ

ಜುನಿಪರ್ ಮನೆಯೊಳಗಿನ ಗಿಡವಲ್ಲ. ಈ ಒಂದು ಮಾತನ್ನು ಪಾಲಿಸಿದರೆ ಅರ್ಧ ಆರೈಕೆ ಆದಂತೆಯೇ. ದಿನಕ್ಕೆ ನಾಲ್ಕರಿಂದ ಆರು ಗಂಟೆಯಾದರೂ ನೇರ ಬಿಸಿಲು, ಹಗಲೂ ರಾತ್ರಿಯೂ ಹೊರಗಿನ ಗಾಳಿ ಅದಕ್ಕೆ ಬೇಕು. ನಮ್ಮ ಕಣ್ಣಿಗೆ ಬೆಳಕು ತುಂಬಿದಂತೆ ಕಾಣುವ ಹಜಾರವೂ ಅದರ ಪಾಲಿಗೆ ಕತ್ತಲೆಯೇ. ಮನೆಯಲ್ಲಿ ಸಮಾರಂಭವಿದ್ದಾಗ ಒಂದು ದಿನದ ಮಟ್ಟಿಗೆ ಒಳಗೆ ತಂದಿಟ್ಟು ಮರುದಿನ ಹೊರಗಿಟ್ಟರೆ ಕೇಡಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ಹೆಚ್ಚು ಒಗ್ಗುವುದು ಬೆಂಗಳೂರಿನಂಥ ಎತ್ತರದ ಪ್ರಸ್ಥಭೂಮಿಯ ಹವೆ. ತಾರಸಿಯ ಪೂರ್ವದ ಬದಿ, ಬೆಳಗಿನ ಬಿಸಿಲು ಬೀಳುವ ಅಂಗಳ, ತೆರೆದ ಬಾಲ್ಕನಿಗಳು ಒಳ್ಳೆಯ ಜಾಗಗಳು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ಬಿಸಿಲಿಗೆ ತೆಳುವಾದ ನೆರಳುಬಲೆ ಕಟ್ಟುವುದು ಲೇಸು. ಆ ಬಿಸಿಲಿಗೆ ಎಲೆಗಿಂತ ಮೊದಲು ಬಳಲುವುದು ಕುಂಡ ಕಾದು ಬೆಂದುಹೋಗುವ ಬೇರು. ಕುಂಡವನ್ನು ಕಾದ ಸಿಮೆಂಟ್ ನೆಲದ ಮೇಲಿಡದೆ ಮರದ ಹಲಗೆಯ ಮೇಲಿಡಬೇಕು.

ಕಲಬುರಗಿ, ರಾಯಚೂರುಗಳ ಕಡುಬೇಸಿಗೆಯಲ್ಲಿಯೂ ಕರಾವಳಿಯ ಎಡೆಬಿಡದ ಮಳೆಯಲ್ಲಿಯೂ ಜುನಿಪರನ್ನು ಉಳಿಸುವುದು ಹೊಸಬರಿಗೆ ಕಷ್ಟ. ಅಲ್ಲಿನ ಭಕ್ತರು ಬೋನ್ಸಾಯಿಯ ಆಸೆಯನ್ನು ಬಿಡಬೇಕಾಗಿಲ್ಲ. ಆಲ, ಅರಳಿ, ಅತ್ತಿ, ಹುಣಸೆ ನಮ್ಮ ಮಣ್ಣಿನಲ್ಲಿ ಚೆನ್ನಾಗಿ ಬೆಳೆಯುವ ಮರಗಳು. ಬೋನ್ಸಾಯಿಗೂ ಚೆನ್ನಾಗಿ ಒಗ್ಗುತ್ತವೆ. ಇವುಗಳಿಂದ ಕೈ ಪಳಗಿಸಿಕೊಳ್ಳುವುದು ಜಾಣತನ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯಿ ಉದ್ಯಾನವೇ ಇದೆ. ಕೊಳ್ಳುವ ಮೊದಲು ಅಲ್ಲಿ ಬೆಳೆದ ಮರಗಳನ್ನು ಒಮ್ಮೆ ನಿಧಾನವಾಗಿ ನೋಡಿಬರುವುದು ಒಳ್ಳೆಯದು.

ಅಮೆರಿಕದಂಥ ಶೀತದೇಶಗಳಲ್ಲಿ ನೆಲೆಸಿರುವ ನಮ್ಮ ಭಕ್ತರಿಗೂ ಒಂದು ಮಾತು. ಹಿಮ ಬೀಳುವಾಗ ಕನಿಕರದಿಂದ ಜುನಿಪರನ್ನು ಬೆಚ್ಚಗಿನ ಕೋಣೆಗೆ ತರಬಾರದು. ಚಳಿಗಾಲದ ವಿಶ್ರಾಂತಿ ಆ ಮರಕ್ಕೆ ನಿದ್ದೆಯಿದ್ದಂತೆ. ಅದು ತಪ್ಪಿದರೆ ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಹೊರಗೇ ಬಿಟ್ಟು, ಕುಂಡವನ್ನು ಮಣ್ಣಿನಲ್ಲಿ ಹೂತು, ಮೇಲೆ ಒಣಗಿದ ಎಲೆಗಳನ್ನು ಹರಡಿ ಬೇರನ್ನು ಕಾಪಾಡಿದರೆ ಸಾಕು.

ನೀರು

2019ರ ಜನವರಿಯಲ್ಲಿ ಜಪಾನಿನ ಕಾವಾಗುಚಿ ಎಂಬ ಊರಿನ ತೋಟವೊಂದರಿಂದ ಏಳು ಬೋನ್ಸಾಯಿಗಳು ಕಳುವಾದವು. ಅವುಗಳಲ್ಲಿ ಸುಮಾರು 400 ವರ್ಷ ವಯಸ್ಸಿನ ಒಂದು ಶಿಂಪಾಕು ಜುನಿಪರ್ ಇತ್ತು. ಅದೊಂದರ ಬೆಲೆಯೇ ಒಂದು ಕೋಟಿ ಯೆನ್‌ಗಿಂತ ಹೆಚ್ಚು. ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದ ಆ ಮನೆಯ ಗೃಹಿಣಿ ಕಳ್ಳರಲ್ಲಿ ಬಹಿರಂಗವಾಗಿ ಬೇಡಿಕೊಂಡದ್ದು ಒಂದನ್ನೇ: ಮರಕ್ಕೆ ನೀರು ಹಾಕಿರಿ, ನೀರಿಲ್ಲದೆ ಅದು ಒಂದು ವಾರವೂ ಉಳಿಯದು. ನಾಲ್ಕು ಶತಮಾನ ಬದುಕಿದ ಮರದ ಜೀವವೂ ನಾಳೆ ನೀರೆರೆಯುವವರ ಕೈಯಲ್ಲಿದೆ ಎಂಬುದನ್ನು ಆ ತಾಯಿ ಬಲ್ಲವರಾಗಿದ್ದರು.

ಹಾಗೆಂದು ಹೊತ್ತುಹೊತ್ತಿಗೂ ನೀರು ಸುರಿಯುವುದೂ ಆರೈಕೆಯಲ್ಲ. ಜುನಿಪರ್‌ಗೆ ಒಣಗುವುದು ಎಷ್ಟು ಅಪಾಯವೋ, ಸದಾ ಕೆಸರಿನಲ್ಲಿ ನಿಲ್ಲುವುದೂ ಅಷ್ಟೇ ಅಪಾಯ. ಬೇರಿಗೆ ನೀರಿನಂತೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದ್ದರೆ ಉಸಿರುಕಟ್ಟಿ ಕೊಳೆಯುತ್ತದೆ. ಆದ್ದರಿಂದ ದಿನವೂ ತಪ್ಪದೆ ಮಾಡಬೇಕಾದದ್ದು ನೋಡುವುದು; ನೀರೆರೆಯುವುದು ಅಗತ್ಯ ಕಂಡಾಗ ಮಾತ್ರ.

ಬೆರಳನ್ನು ಅರ್ಧ ಅಂಗುಲದಿಂದ ಒಂದು ಅಂಗುಲದಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ತೇವವಿದ್ದರೆ ಬಿಡಬೇಕು. ತೇವ ಆರುತ್ತ ಬಂದಿದ್ದರೆ ನೀರೆರೆಯಬೇಕು. ಮಣ್ಣು ಪೂರ್ತಿ ಒಣಗುವವರೆಗೆ ಕಾಯಬಾರದು. ಬೆರಳಿನಿಂದ ತಿಳಿಯದವರು ಒಂದು ಒಣ ಬಿದಿರುಕಡ್ಡಿಯನ್ನು ಮಣ್ಣಿನಲ್ಲಿ ಚುಚ್ಚಿ ಹತ್ತು ನಿಮಿಷದ ಮೇಲೆ ತೆಗೆದು ನೋಡಬಹುದು. ಕಡ್ಡಿ ಎಷ್ಟು ಆಳಕ್ಕೆ ಒದ್ದೆಯಾಗಿದೆ ಎಂಬುದರಿಂದ ಒಳಗಿನ ಸ್ಥಿತಿ ತಿಳಿಯುತ್ತದೆ. ನೀರೆರೆಯುವಾಗ ಲೋಟದ ಲೆಕ್ಕ ಇಡಬಾರದು. ಕುಂಡದ ತಳದ ತೂತುಗಳಿಂದ ನೀರು ಧಾರಾಳವಾಗಿ ಹೊರಬರುವಷ್ಟು ಎರೆದು, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಎರೆಯಬೇಕು. ಹೀಗೆ ಮಾಡಿದರೆ ಬೇರಿನ ಉಂಡೆಯ ನಡುಭಾಗವೂ ನೆನೆಯುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು; ಜುಲೈ ತಿಂಗಳ ಜಡಿಮಳೆಯಲ್ಲಿ ವಾರವೆಲ್ಲ ಒಂದು ಹನಿಯೂ ಬೇಡವಾಗಬಹುದು.

ಕೆಲವು ಅಂಗಡಿಗಳ ಬೋನ್ಸಾಯಿಗಳಲ್ಲಿ ಮಣ್ಣಿನ ಮೇಲೆ ಬಣ್ಣದ ಕಲ್ಲುಗಳನ್ನು ಅಂಟಿನಿಂದ ಅಂಟಿಸಿರುತ್ತಾರೆ. ಅವು ನೀರನ್ನು ಒಳಗಿಳಿಯಗೊಡುವುದಿಲ್ಲ, ಮಣ್ಣಿನ ಸ್ಥಿತಿಯನ್ನು ನೋಡಲೂ ಬಿಡುವುದಿಲ್ಲ. ಗಿಡ ಮನೆಗೆ ಬಂದ ದಿನವೇ ಅವನ್ನು ಮೆಲ್ಲನೆ ಎಬ್ಬಿಸಿ ತೆಗೆಯಬೇಕು. ಕುಂಡದ ತಳದಲ್ಲಿ ತೂತುಗಳಿವೆಯೇ ಎಂದೂ ಆಗಲೇ ನೋಡಿಕೊಳ್ಳಬೇಕು.

ಮಣ್ಣು, ಗೊಬ್ಬರ, ಕುಂಡ ಬದಲಾವಣೆ

ಹೊಲದ ಜಿಗುಟು ಮಣ್ಣು ಬೋನ್ಸಾಯಿಗೆ ಸಲ್ಲದು. ಜಪಾನಿನಲ್ಲಿ ‘ಅಕಾದಾಮಾ’ ಎಂಬ ಹರಳುಹರಳಾದ ಜೇಡಿಮಣ್ಣನ್ನು ಬಳಸುತ್ತಾರೆ. ಅದರ ಗುಣವೆಂದರೆ ನೀರನ್ನು ಹೀರಿಟ್ಟುಕೊಂಡು ಉಳಿದುದನ್ನು ಬೇಗ ಹರಿಯಬಿಡುವುದು. ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ದಪ್ಪ ಮರಳು, ಸ್ವಲ್ಪ ಹಳೆಯ ಎಲೆಗೊಬ್ಬರ, ಇವುಗಳಿಂದ ನಮ್ಮಲ್ಲಿಯೂ ಅಂಥ ಮಿಶ್ರಣವನ್ನು ಮಾಡಿಕೊಳ್ಳಬಹುದು. ಚೂರುಗಳು ಜೋಳದ ಕಾಳಿನ ಗಾತ್ರದಲ್ಲಿರಲಿ. ಜರಡಿ ಹಿಡಿದು ಪುಡಿಯನ್ನು ತೆಗೆಯುವುದು ಮುಖ್ಯ. ಉಳಿದ ಪುಡಿ ಕೆಸರಾಗಿ ಸಂದುಗಳನ್ನು ಮುಚ್ಚುತ್ತದೆ.

ಚಿಗುರುವ ಕಾಲದಲ್ಲಿ ಬೇವಿನ ಹಿಂಡಿಯಂಥ ನಿಧಾನವಾಗಿ ಕರಗುವ ಗೊಬ್ಬರವನ್ನು ಚಿಟಿಕೆಯ ಪ್ರಮಾಣದಲ್ಲಿ ಕೊಡಬಹುದು. ಸೊರಗಿದ ಗಿಡಕ್ಕೆ, ಈಗಷ್ಟೇ ಕುಂಡ ಬದಲಿಸಿದ ಗಿಡಕ್ಕೆ ಗೊಬ್ಬರ ಬೇಡ. ಜ್ವರ ಬಂದವರಿಗೆ ಹೋಳಿಗೆ ಊಟ ಬಡಿಸುವುದಿಲ್ಲವಷ್ಟೇ.

ಎಳೆಯ ಗಿಡಕ್ಕೆ ಎರಡು ಮೂರು ವರ್ಷಗಳಿಗೊಮ್ಮೆ, ಹಳೆಯ ಮರಕ್ಕೆ ಇನ್ನೂ ಹೆಚ್ಚಿನ ಅಂತರದಲ್ಲಿ ಕುಂಡ ಬದಲಿಸಬೇಕು. ಚಳಿ ಇಳಿದು ಹೊಸ ಚಿಗುರು ಏಳುವ ಮುನ್ನಿನ ದಿನಗಳು ಇದಕ್ಕೆ ತಕ್ಕವು. ಒಂದು ಸಲಕ್ಕೆ ಬೇರಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಬೇರನ್ನು ತೊಳೆದು ಬರಿದಾಗಿಸಲೂ ಬಾರದು. ಬೇರಿನೊಡನೆ ಕೂಡಿ ಬದುಕುವ ಒಳ್ಳೆಯ ಶಿಲೀಂಧ್ರಗಳು ಹಳೆಯ ಮಣ್ಣಿನಲ್ಲಿರುತ್ತವೆ. ಸ್ವಲ್ಪ ಮಣ್ಣನ್ನು ಉಳಿಸಿಕೊಂಡೇ ಹೊಸದಕ್ಕೆ ಕೂರಿಸಬೇಕು. ಅನಂತರ ಕೆಲವು ವಾರ ಗಾಳಿಯ ಹೊಡೆತವಿಲ್ಲದ ತುಸು ನೆರಳಿನಲ್ಲಿಡಬೇಕು.

ಕತ್ತರಿ ಮತ್ತು ತಂತಿ

ಬೋನ್ಸಾಯಿ ಎಂದೊಡನೆ ಹೊಸಬರ ಕೈ ಮೊದಲು ಹೋಗುವುದು ಕತ್ತರಿಗೆ. ಜುನಿಪರ್ ವಿಷಯದಲ್ಲಿ ಇಲ್ಲಿ ಒಂದು ಎಚ್ಚರಿಕೆ ಬೇಕು. ಆಲದ ಕೊಂಬೆಯನ್ನು ಬೋಳಿಸಿದರೂ ಅದು ಮತ್ತೆ ಚಿಗುರುತ್ತದೆ. ಜುನಿಪರ್ ಕೊಂಬೆಯಿಂದ ಹಸುರನ್ನೆಲ್ಲ ತೆಗೆದರೆ ಆ ಕೊಂಬೆ ಸಾಯುತ್ತದೆ. ಬೋಳು ಕಟ್ಟಿಗೆಯಿಂದ ಹೊಸ ಚಿಗುರು ಬರುವುದು ಅಪರೂಪ. ಪ್ರತಿ ಕೊಂಬೆಯಲ್ಲಿಯೂ ಬೆಳೆಯುವ ತುದಿಗಳನ್ನು ಉಳಿಸಿ, ಕೆಳಮುಖವಾಗಿ ಜೋತ, ಒಳಗೆ ಒಣಗಿದ, ತೀರ ಉದ್ದವಾದ ರೆಂಬೆಗಳನ್ನು ಮಾತ್ರ ಕವಲಿನ ಬುಡದಲ್ಲಿ ಕತ್ತರಿಸಬೇಕು. ಬೇಲಿ ಸವರಿದಂತೆ ತುದಿಗಳನ್ನೆಲ್ಲ ಸಮನಾಗಿ ಕತ್ತರಿಸಿದರೆ ತುದಿಗಳು ಕಂದಾಗಿ ಮರ ಬಲಗುಂದುತ್ತದೆ.

ಕೊಂಬೆಯನ್ನು ಬಾಗಿಸಲು ಅಲ್ಯೂಮಿನಿಯಂ ತಂತಿ ಸುತ್ತುತ್ತಾರೆ. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೆಯ ಒಂದು ಪಾಲಿನಷ್ಟಿದ್ದರೆ ಸಾಕು. ಕೊಂಬೆ ದಪ್ಪವಾದಂತೆ ತಂತಿ ತೊಗಟೆಯನ್ನು ಕಚ್ಚುತ್ತದೆ; ವಾರಕ್ಕೊಮ್ಮೆ ನೋಡಿ, ಕಚ್ಚುವ ಮುನ್ನವೇ ತಂತಿಯನ್ನು ಬಿಚ್ಚದೆ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ಕುಂಡ ಬದಲಿಸುವುದು, ಸವರುವುದು, ತಂತಿ ಸುತ್ತುವುದು, ಈ ಮೂರನ್ನೂ ಒಂದೇ ಋತುವಿನಲ್ಲಿ ಮಾಡಬಾರದು. ಒಂದು ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲಷ್ಟೇ ಇನ್ನೊಂದು ಎಂಬ ವಿವೇಕ ಇಲ್ಲಿಯೂ ಬೇಕು.

ಆರೋಗ್ಯದ ಗುರುತುಗಳು

ಹಸುರು ನಂಬುವಂತಿಲ್ಲವಾದರೆ ಏನನ್ನು ನಂಬಬೇಕು? ತುದಿಗಳನ್ನು. ಆರೋಗ್ಯವಂತ ಜುನಿಪರ್‌ನ ತುದಿಗಳಲ್ಲಿ ಚಿಗುರುವ ಕಾಲದಲ್ಲಿ ತಿಳಿಹಸುರಿನ ಹೊಸ ಬೆಳವಣಿಗೆ ಕಾಣುತ್ತದೆ. ಎಲೆ ಮುಟ್ಟಿದರೆ ಮೆತ್ತಗೆ ಬಾಗುತ್ತದೆ. ಹೊಳಪು ಹೋಗಿ ಬೂದು ಬೆರೆತಂತಾಗಿ, ಎಲೆ ಗರಿಗರಿಯಾಗಿದ್ದರೆ ಅಪಾಯ. ಅನುಮಾನವಿದ್ದಲ್ಲಿ ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದರೆ ಒಳಗೆ ಹಸಿ ಹಸುರು ಕಂಡರೆ ಜೀವವಿದೆ, ಒಣಕಂದು ಕಂಡರೆ ಆ ರೆಂಬೆ ಸತ್ತಿದೆ ಎಂದು ತಿಳಿಯಬೇಕು. ಒಳಭಾಗದ ಹಳೆಯ ಎಲೆಗಳು ಒಂದಿಷ್ಟು ಕಂದಾಗಿ ಉದುರುವುದು ಮಾತ್ರ ಸಹಜ. ಅದಕ್ಕೆ ಗಾಬರಿ ಬೇಡ.

ಒಣಹವೆಯಲ್ಲಿ ಕಾಡುವ ಮುಖ್ಯ ಶತ್ರು ಬರಿಗಣ್ಣಿಗೆ ಕಷ್ಟದಿಂದ ಕಾಣುವ ಜೇಡನುಸಿ. ಕೊಂಬೆಯ ಕೆಳಗೆ ಬಿಳಿಯ ಹಾಳೆ ಹಿಡಿದು ಮೆಲ್ಲನೆ ತಟ್ಟಿದರೆ, ಬಿದ್ದ ಧೂಳಿನಲ್ಲಿ ಚುಕ್ಕಿಗಳು ಹರಿದಾಡುತ್ತಿದ್ದರೆ ನುಸಿಯಿದೆ. ಎಲೆಗಳ ಅಡಿಗೂ ತಾಗುವಂತೆ ನೀರು ರಾಚಿ ತೊಳೆಯುವುದು, ಸಂಜೆಯ ಹೊತ್ತು ನೀರಿನಲ್ಲಿ ತೆಳುವಾಗಿ ಬೆರೆಸಿದ ಬೇವಿನೆಣ್ಣೆ ಸಿಂಪಡಿಸುವುದು ಮೊದಲ ಉಪಾಯಗಳು.

ಆರೈಕೆ ಮಾಡುವವರ ಆರೋಗ್ಯ

ಗಿಡದ ಜೊತೆಗೆ ನಮ್ಮ ಹಿತವನ್ನೂ ನೋಡಿಕೊಳ್ಳಬೇಕು. ಜುನಿಪರ್‌ನ ಸೂಜಿಯೆಲೆ ಕೆಲವರ ಚರ್ಮಕ್ಕೆ ತುರಿಕೆ, ಕೆಂಪು ಗಂದೆಗಳನ್ನು ತರುತ್ತದೆ. ಸವರುವಾಗ ಕೈಗವಸು, ತುಂಬುತೋಳಿನ ಅಂಗಿ ಇರಲಿ. ಅದರ ಪರಾಗ ಕೆಲವರಿಗೆ ಒಗ್ಗದು. ಉಬ್ಬಸವಿರುವವರು ಜಾಗ್ರತೆ ವಹಿಸಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ತಿಳಿನೀರು ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲು. ತಟ್ಟೆಯೇ ಇಲ್ಲದಿರುವುದು ಮೇಲು. ಇದ್ದರೆ ಅದನ್ನು ದಿನವೂ ಬರಿದು ಮಾಡಿ ಉಜ್ಜಬೇಕು.

ಆಯುರ್ವೇದದಲ್ಲಿ ‘ಹಪುಷಾ’ ಎಂಬ ಹೆಸರಿನ ಜುನಿಪರ್ ಕಾಯಿಯ ಬಳಕೆಯುಂಟು. ಅದು ಬೇರೆ ಜಾತಿ. ಜುನಿಪರ್‌ಗಳಲ್ಲಿ ವಿಷಕಾರಿಯಾದವೂ ಇವೆ. ಬೋನ್ಸಾಯಿಯ ಎಲೆಯನ್ನಾಗಲಿ ಕಾಯಿಯನ್ನಾಗಲಿ ಕಷಾಯಕ್ಕೆ ಬಳಸಲೇಬಾರದು. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಬೆಳಿಗ್ಗೆ ಎದ್ದು ಹೊರಗೆ ಹೋಗುವುದು, ಎಳೆಬಿಸಿಲಿನಲ್ಲಿ ನಿಲ್ಲುವುದು, ಬಗ್ಗಿ ಮಣ್ಣು ಮುಟ್ಟಿ ನೋಡುವುದು, ಒಂದು ಜೀವವನ್ನು ಐದು ನಿಮಿಷ ಅವಸರವಿಲ್ಲದೆ ಗಮನಿಸುವುದು ಹಿರಿಯರಿಗೆ ಹಿತವಾದ ದಿನಚರಿ. ಇದು ಔಷಧಕ್ಕೆ ಬದಲಿಯಲ್ಲ. ವೈದ್ಯರು ಹೇಳಿದ್ದನ್ನು ಪಾಲಿಸುತ್ತಲೇ ಸೇರಿಸಿಕೊಳ್ಳಬಹುದಾದ ಒಂದು ಒಳ್ಳೆಯ ಅಭ್ಯಾಸ.

ಕೊಳ್ಳುವ ಮುನ್ನ

ಆದ್ದರಿಂದ ಜುನಿಪರನ್ನು ಮನೆಗೆ ತರುವ ಮುನ್ನ, ಇಲ್ಲವೇ ಇನ್ನೊಬ್ಬರಿಗೆ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಬಿಸಿಲು ಬೀಳುವ ಹೊರಗಿನ ಜಾಗ ಆ ಮನೆಯಲ್ಲಿದೆಯೇ? ದಿನವೂ ಮಣ್ಣು ಮುಟ್ಟಿ ನೋಡುವವರು ಇದ್ದಾರೆಯೇ? ಮನೆಯವರೆಲ್ಲ ಯಾತ್ರೆಗೋ ಮದುವೆಗೋ ಹೊರಟಾಗ ನೀರೆರೆಯಲು ನೆರೆಯವರು ಒಪ್ಪುವರೇ? ಮೂರಕ್ಕೂ ಹೌದೆಂಬ ಉತ್ತರವಿಲ್ಲದಿದ್ದರೆ ಜುನಿಪರ್ ಬೇಡ. ದೊಡ್ಡ ಕುಂಡದ ದಾಸವಾಳವೋ ಮಲ್ಲಿಗೆಯೋ ಸಾಕು.

ಉತ್ತರ ಹೌದಾದರೆ, ಮೊದಲ ವರ್ಷ ಕತ್ತರಿಯನ್ನೂ ತಂತಿಯನ್ನೂ ಕಪಾಟಿನಲ್ಲಿಟ್ಟುಬಿಡೋಣ. ಗಿಡ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯುತ್ತದೆ, ಮಳೆಗಾಲದಲ್ಲಿ ಎಷ್ಟು ಹೊತ್ತು ತೇವ ಹಿಡಿಯುತ್ತದೆ, ಚಿಗುರು ಯಾವಾಗ ಏಳುತ್ತದೆ ಎಂಬುದನ್ನು ನಾವು ಕಲಿಯೋಣ. ಒಂದು ವರ್ಷದ ಎಲ್ಲ ಋತುಗಳನ್ನು ದಾಟಿ, ತುದಿಗಳಲ್ಲಿ ತಿಳಿಹಸುರು ತೋರಿದ ಗಿಡವೇ ನಿಜವಾಗಿ ಉಳಿದ ಗಿಡ. ಅಂದವಾಗಿ ರೂಪಿಸುವ ಕೆಲಸಕ್ಕೆ ಮುಂದಿನ ವರ್ಷಗಳಿವೆ.